ಸಂಡೂರಿನ ಶಿವವಿಲಾಸ: ಅರಸನ ಮನೆ ಉದ್ಯಮಿಯ ಮನೆಯಾದ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳೊಡನೆ ಹಂಪೆಯನ್ನು ನೋಡಿಕೊಂಡು ದೋಣಿಮಲೈಗೆ ಹೋಗುವ ದಾರಿಯಲ್ಲಿ ಸಂಡೂರಿನಲ್ಲಿ ಇಳಿದಿದ್ದೆವು. ಊರಿನ ಅರಮನೆಯಾದ ಶಿವವಿಲಾಸದ ಎದುರಿನ ರಸ್ತೆಯಲ್ಲಿ ನಿಂತಾಗ ಒಬ್ಬ ವಿದ್ಯಾರ್ಥಿ, "ಇದನ್ನು ಅರಸರ ಮನೆ ಎಂದು ಬರೆದುಕೊಳ್ಳಬೇಕೋ, ಗಣಿ ಒಡೆಯರ ಮನೆ ಎಂದೋ?" ಎಂದು ಕೇಳಿದನು. ಅವನ ಜೊತೆಯವರು ನಕ್ಕರು. ನಾವು ಮಾತ್ರ ಆಗ ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆವು. ಹಂಪೆಯಲ್ಲಿ ಅಂಥ ಪ್ರಶ್ನೆಗೆ ಎಡೆಯಿಲ್ಲ. ಅಲ್ಲಿಯ ಒಡೆಯರು ಹೋಗಿ ನಾಲ್ಕು ಶತಮಾನಗಳ ಮೇಲಾಯಿತು. ಸಂಡೂರಿನಲ್ಲಿಯಾದರೋ ಒಂದೇ ಮನೆತನ, ಒಂದೇ ಪೀಳಿಗೆಯ ಅವಧಿಯಲ್ಲಿ, ಸಿಂಹಾಸನದಿಂದ ಇಳಿದು ಕಂಪನಿಯ ಕಚೇರಿಯನ್ನು ಸೇರಿತು. ಆ ಪ್ರಶ್ನೆಗೆ ತಡವಾಗಿಯಾದರೂ ಉತ್ತರವನ್ನು ಹುಡುಕುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಸಂಡೂರು ಎರಡು ಬೆಟ್ಟಸಾಲುಗಳ ನಡುವಣ ಕಣಿವೆ. ವಾಯವ್ಯದಿಂದ ಆಗ್ನೇಯಕ್ಕೆ ಹೆಚ್ಚುಕಡಮೆ ಸಮಾನಾಂತರವಾಗಿ ಸಾಗುವ ಈ ಸಾಲುಗಳನ್ನು ಕೊರೆದುಕೊಂಡು ನಾರಿಹಳ್ಳವು ಹರಿಯುತ್ತದೆ. ಭೀಮಗಂಡಿ, ಓಬಳಗಂಡಿ ಎಂಬ ಇಕ್ಕಟ್ಟಾದ ಕಣಿವೆಗಳು ಅದರ ದಾರಿ. ಭೂಗರ್ಭಶಾಸ್ತ್ರಜ್ಞರು ಈ ಪ್ರದೇಶದ ಶಿಲಾರಚನೆಯನ್ನು ದೋಣಿಯ ಆಕಾರಕ್ಕೆ ಹೋಲಿಸುತ್ತಾರೆ. ಪೂರ್ವದ ಸಾಲಿನ ದೋಣಿಮಲೈ ಎಂಬ ಹೆಸರೂ ಆ ಹೋಲಿಕೆಗೆ ಚೆನ್ನಾಗಿಯೇ ಒಪ್ಪುತ್ತದೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳ್ಳಾರಿ ಸೀಮೆಯ ಭೂರಚನೆಯನ್ನು ಕುರಿತು ಬರೆದಾಗ ಈ ಬೆಟ್ಟಗಳ ಕಬ್ಬಿಣದ ಸಂಪತ್ತಿಗೆ ವಿಶೇಷ ಗಮನ ಕೊಟ್ಟನು. ಸುತ್ತಣ ಹಳ್ಳಿಗಳಲ್ಲಿ ಇದ್ದಿಲನ್ನು ಉರಿಸಿ ಕಬ್ಬಿಣವನ್ನು ಕರಗಿಸುವ ಕಸುಬು ಬಹುಕಾಲದಿಂದ ಇತ್ತು. ಅಗ್ಗದ ವಿಲಾಯಿತಿ ಕಬ್ಬಿಣ ಬಂದ ಮೇಲೆ ಅದು ಕ್ಷೀಣಿಸಿತು. ಹೀಗೆ ಅದಿರು ನೆಲದಲ್ಲಿಯೇ ಇದ್ದಿತು, ಅದನ್ನು ಬಲ್ಲ ಜನರೂ ಇದ್ದರು. ಆದರೆ ಅದಿರಿನಿಂದ ಅರಮನೆಗೆ ಹಣ ಬರುವ ಕಾಲ ಇನ್ನೂ ಬಂದಿರಲಿಲ್ಲ.

ಘೋರ್ಪಡೆ ಮನೆತನವು ಇಲ್ಲಿಗೆ ಬಂದದ್ದು ಕತ್ತಿಯ ಬಲದಿಂದ. ೧೭೨೮ರಲ್ಲಿ ಸಿದ್ದೋಜಿರಾವ್ ಘೋರ್ಪಡೆ ಬೇಡ ಪಾಳೆಯಗಾರನಿಂದ ಸಂಡೂರನ್ನು ಗೆದ್ದುಕೊಂಡನು. ಗುತ್ತಿಯ ಪ್ರಸಿದ್ಧ ಮರಾಠಾ ಸೇನಾನಿ ಮುರಾರಿರಾವ್ ಇದೇ ಮನೆತನದವನು. ೧೭೭೬ರಲ್ಲಿ ಹೈದರಾಲಿ ಗುತ್ತಿಯನ್ನು ಹಿಡಿದಾಗ ಸಂಡೂರೂ ಅವನ ವಶವಾಯಿತು. ಹೈದರನು ಆರಂಭಿಸಿ ಟಿಪ್ಪುವು ಮುಗಿಸಿದ ಕೃಷ್ಣಾನಗರದ ಕೋಟೆ ಆ ಕಾಲದ ಕುರುಹು. ೧೭೯೦ರಲ್ಲಿ ಘೋರ್ಪಡೆಯವರು ತಮ್ಮ ನೆಲವನ್ನು ಮರಳಿ ಪಡೆದರು. ೧೮೧೭ರಲ್ಲಿ ಪೇಶ್ವೆಯ ಪರವಾಗಿ ಮನ್ರೋ ಸೈನ್ಯದೊಡನೆ ಬಂದಾಗ ಶಿವರಾವ್ ಅದನ್ನು ಬಿಟ್ಟುಕೊಡಬೇಕಾಯಿತು; ಪೇಶ್ವೆಯ ಆಳ್ವಿಕೆಯೇ ಮುಗಿದ ೧೮೧೮ರಲ್ಲಿ ಅದು ಮತ್ತೆ ಅವನ ಕೈಸೇರಿತು; ೧೮೨೬ರಲ್ಲಿ ಸನದು ದೊರೆಯಿತು. ಸುಮಾರು ೧೬೦ ಚದರ ಮೈಲಿಯ ನೆಲ, ೧೯೦೧ರ ಜನಗಣತಿಯಲ್ಲಿ ೧೧,೨೦೦ ಜನ — ಇಷ್ಟೇ ಆ ಸಂಸ್ಥಾನ. ಇಷ್ಟು ಸಣ್ಣ ಸಂಸ್ಥಾನದ ಕಂದಾಯದಿಂದ ಮೈಸೂರು ಅಥವಾ ಬರೋಡೆಯ ಅರಮನೆಗಳಂಥವು ಏಳಲಾರವೆಂಬುದನ್ನು ಓದುಗರು ಮೊದಲೇ ಮನದಲ್ಲಿಟ್ಟುಕೊಳ್ಳಬೇಕು.

ಈಗ ವಾಸ್ತುವಿನ ವಿಚಾರಕ್ಕೆ ಬರೋಣ. ಈ ಸೀಮೆಯಲ್ಲಿ ಒಡೆಯರ ಮನೆಗಳಿಗೆ ಮೂರು ಮಾದರಿಗಳು ಕಣ್ಣಮುಂದಿದ್ದವು. ಒಂದನೆಯದು ವಿಜಯನಗರದ್ದು. ಹಂಪೆಯಲ್ಲಿ ದೇವಾಲಯಗಳು ಪೂರ್ತಿ ಕಲ್ಲಿನವು. ಅರಸರ ಮತ್ತು ಶ್ರೀಮಂತರ ವಾಸದ ಮನೆಗಳಾದರೋ ಕಲ್ಲಿನ ಅಧಿಷ್ಠಾನದ ಮೇಲೆ ಮರದ ಕಂಬ, ಗಾರೆ ಬಳಿದ ಗೋಡೆ, ಮರದ ಮಾಡು ಇವುಗಳಿಂದ ಕೂಡಿದ್ದವು. ಬೆಂಕಿಗೂ ಕಾಲಕ್ಕೂ ಸಿಕ್ಕಿ ಮೇಲಿನದೆಲ್ಲ ಹೋಯಿತು, ಅಧಿಷ್ಠಾನ ಮಾತ್ರ ಉಳಿಯಿತು. ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗುವ ಆ ಜಗಲಿಗಳನ್ನು ನೋಡಿದರೆ, ಯಾರು ಎಲ್ಲಿಯವರೆಗೆ ಬರಬಹುದು, ಎಲ್ಲಿ ನಿಲ್ಲಬೇಕು ಎಂಬ ನಿಯಮವು ನೆಲದ ಎತ್ತರದಲ್ಲಿಯೇ ಬರೆದಂತೆ ತೋರುತ್ತದೆ. ಮನೆಯ ಚೆಲುವಿಗಿಂತ ಮನೆಯೊಳಗಿನ ದಾರಿಯೇ ಇತಿಹಾಸಕಾರನಿಗೆ ಹೆಚ್ಚು ಹೇಳುತ್ತದೆ ಎಂಬ ಪಾಠವನ್ನು ಹಂಪೆ ನಮಗೆ ಕಲಿಸುತ್ತದೆ.

ಎರಡನೆಯದು ಮರಾಠಾ ಸರದಾರರ ವಾಡೆ. ಉತ್ತರ ಕರ್ನಾಟಕದ ದೇಸಗತಿಯ ಊರುಗಳಲ್ಲಿ ಇದರ ಉದಾಹರಣೆಗಳು ಹಲವು. ಹೊರಗೆ ಎತ್ತರವಾದ ಗೋಡೆ, ದೊಡ್ಡ ಬಾಗಿಲು, ಆ ಬಾಗಿಲಲ್ಲಿಯೇ ಒಬ್ಬೊಬ್ಬರಾಗಿ ತಲೆಬಾಗಿ ನುಗ್ಗುವಂಥ ದಿಡ್ಡಿ. ಒಳಗೆ ಆಕಾಶಕ್ಕೆ ತೆರೆದ ಚೌಕ, ಅದರ ಸುತ್ತ ಪಡಸಾಲೆ. ಮುಂದಿನ ಚೌಕದಲ್ಲಿ ದಿವಾನಖಾನೆ, ಹಿಂದಿನ ಚೌಕದಲ್ಲಿ ದೇವರಮನೆ, ಅಡಿಗೆಮನೆ ಮತ್ತು ಹೆಂಗಸರ ವಾಸ. ವಾಡೆಯು ಒಳಮುಖವಾದ ಮನೆ. ಅದು ಬೀದಿಗೆ ಬೆನ್ನು ತಿರುಗಿಸಿ, ತನ್ನ ಚೌಕವನ್ನು ತಾನು ನೋಡುತ್ತ ಕುಳಿತಿರುತ್ತದೆ. ದಾಳಿಯ ಭಯವಿದ್ದ ಕಾಲಕ್ಕೆ ಅದು ತಕ್ಕ ರಚನೆಯಾಗಿದ್ದಿತು. ಘೋರ್ಪಡೆಯವರ ಶಾಖೆಗಳು ಮುಧೋಳ, ಗಜೇಂದ್ರಗಡ ಮುಂತಾದ ಕಡೆಗಳಲ್ಲಿ ಬೇರೂರಿದ್ದುದರಿಂದ ಈ ಮಾದರಿ ಆ ಮನೆತನಕ್ಕೆ ಪರಂಪರೆಯಿಂದ ಬಂದದ್ದು.

ಮೂರನೆಯದು ಬಂಗಲೆ. ಇದು ಸಂಡೂರಿಗೆ ಬೆಟ್ಟದ ಮೇಲಿನಿಂದ ಇಳಿದು ಬಂದಿತೆಂದರೆ ತಪ್ಪಾಗಲಾರದು. ಪಶ್ಚಿಮದ ಸಾಲಿನ ಅಂಚಿನಲ್ಲಿ, ೩,೨೫೬ ಅಡಿ ಎತ್ತರದಲ್ಲಿರುವ ರಾಮನದುರ್ಗವನ್ನು ೧೮೪೬ರಲ್ಲಿ ಬ್ರಿಟಿಷ್ ಸರ್ಕಾರವು ಬಳ್ಳಾರಿಯ ದಂಡಿನ ಐರೋಪ್ಯ ಸೈನಿಕರ ಆರೋಗ್ಯಧಾಮವನ್ನಾಗಿ ಮಾಡಿತು. ಬಳ್ಳಾರಿಯ ಬೇಸಗೆಯನ್ನು ಕಂಡವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಸೈನಿಕರಿಗೆ ವಸತಿಗಳೂ ಅಧಿಕಾರಿಗಳಿಗೆ ಮನೆಗಳೂ ಎದ್ದವು. ಬಂಗಲೆಯು ವಾಡೆಗೆ ತೀರ ವಿರುದ್ಧವಾದ ಕಲ್ಪನೆ. ಅದಕ್ಕೆ ಚೌಕವಿಲ್ಲ, ನಡುವೆ ಹಜಾರ, ಸುತ್ತ ಕೋಣೆ, ಅದರಾಚೆ ನಾಲ್ಕೂ ಕಡೆ ಗಾಳಿಗೆ ತೆರೆದ ವರಾಂಡ, ಅದರಾಚೆ ತೋಟ. ಮನೆಯ ಮೋರೆ ಹೊರಕ್ಕೆ. ಕಾವಲಿಗೆ ಗೋಡೆ ಬೇಡ, ದೂರವೇ ಸಾಕು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕೆಂಪು ಹೆಂಚು ದಕ್ಷಿಣ ಭಾರತದ ಬಂಗಲೆಗಳನ್ನೆಲ್ಲ ಹೊದೆದುಕೊಂಡಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೆ ದೇಶೀಯ ಸಂಸ್ಥಾನಿಕರು ಕಟ್ಟಿಸಿದ ಮನೆಗಳು ಈ ವಾಡೆ ಮತ್ತು ಬಂಗಲೆಗಳ ನಡುವಣ ಒಪ್ಪಂದಗಳೇ ಸರಿ. ಬರೋಡೆಯ ಲಕ್ಷ್ಮೀವಿಲಾಸ, ಹೆನ್ರಿ ಇರ್ವಿನ್ ರೂಪಿಸಿ ೧೮೯೭ರಿಂದ ೧೯೧೨ರವರೆಗೆ ಎದ್ದ ಮೈಸೂರಿನ ಅಂಬಾವಿಲಾಸ, ಅದೇ ಮೈಸೂರಿನ ಜಯಲಕ್ಷ್ಮೀವಿಲಾಸ — ಇವೆಲ್ಲ ದೊಡ್ಡವರ ಮನೆಗಳು. ಆದರೆ ಅವುಗಳ ಹೆಸರಿನ ಕೊನೆಯ ಪದ ಗಮನಾರ್ಹವಾದುದು. ಕೋಟೆಗೆ 'ದುರ್ಗ' ಎಂದೂ 'ನಗರ' ಎಂದೂ ಹೆಸರಿಟ್ಟ ಕಾಲ ಹೋಗಿ, ಮನೆಗೆ 'ವಿಲಾಸ' ಎಂದು ಹೆಸರಿಡುವ ಕಾಲ ಬಂದಿತ್ತು. ಯುದ್ಧ ಮಾಡುವ ಹಕ್ಕನ್ನು ಕಳೆದುಕೊಂಡ ಅರಸನಿಗೆ ಉಳಿದದ್ದು ಉಪಚಾರದ ಹಕ್ಕು. ರೆಸಿಡೆಂಟನನ್ನೂ ಅತಿಥಿಗಳನ್ನೂ ಬರಮಾಡಿಕೊಳ್ಳುವ ಮುಂಭಾಗ, ದರ್ಬಾರಿಗೆ ವಿಶಾಲವಾದ ಹಜಾರ, ಬಂಡಿಯೂ ಆಮೇಲೆ ಮೋಟಾರೂ ಬಂದು ನಿಲ್ಲುವ ಮುಖಮಂಟಪ — ಇವು ಈ ಬಗೆಯ ಮನೆಗೆ ಮುಖ್ಯವಾದವು. ಸಂಡೂರಿನ ಶಿವವಿಲಾಸ ಎಂಬ ಹೆಸರೂ ಇದೇ ಸಾಲಿಗೆ ಸೇರುತ್ತದೆ. ಸಂಸ್ಥಾನ ಚಿಕ್ಕದಾದರೂ ಹೆಸರಿನಲ್ಲಿ ಅದು ದೊಡ್ಡವರ ಪಂಕ್ತಿಯಲ್ಲಿಯೇ ಕುಳಿತಿತು.

ಈ ಅವಧಿಯಲ್ಲಿಯೇ ಸಂಡೂರಿನ ಬದುಕಿನ ಬುಡವೂ ಬದಲಾಯಿತು. ಬೆಸೆಮರನ ವಿಧಾನ ೧೮೫೬ರಲ್ಲಿ ಬಂದ ಮೇಲೆ ಉಕ್ಕಿನ ತಯಾರಿಕೆ ಬೆಳೆದಂತೆಲ್ಲ ಮ್ಯಾಂಗನೀಸಿನ ಬೇಡಿಕೆ ಹೆಚ್ಚುತ್ತ ಬಂದಿತು. ಉಕ್ಕಿನೊಳಗಿನ ಗಂಧಕ ಮತ್ತು ಆಮ್ಲಜನಕಗಳ ದೋಷವನ್ನು ಕಳೆಯಲು ಆ ಲೋಹವು ಬೇಕೇ ಬೇಕು. ಆಗ ಜಗತ್ತಿಗೆ ಮುಖ್ಯವಾಗಿ ಮ್ಯಾಂಗನೀಸನ್ನು ಒದಗಿಸುತ್ತಿದ್ದ ಕಾಕಸಸ್ ಪ್ರದೇಶವು ೧೯೦೫ರ ರಷ್ಯದ ಕ್ರಾಂತಿಯ ಗಲಭೆಗೆ ಸಿಕ್ಕಿತು. ಬೆಲೆ ಏರಿತು, ಯುರೋಪಿನ ವರ್ತಕರ ಕಣ್ಣು ಭಾರತದ ಮೇಲೆ ಬಿದ್ದಿತು. ಬೆಲ್ಜಿಯಂ ದೇಶದ ಬಂಡವಾಳದ ಜನರಲ್ ಸಂಡೂರ್ ಮೈನಿಂಗ್ ಕಂಪನಿಯು ಇದೇ ಕಾಲದಲ್ಲಿ ಇಲ್ಲಿ ಕೆಲಸವನ್ನು ಆರಂಭಿಸಿತು. ಚಿಯಾತುರದ ಗಣಿಗಳಲ್ಲಿ ಕೆಲಸ ನಿಂತರೆ ಸಂಡೂರಿನ ಬೊಕ್ಕಸಕ್ಕೆ ರಾಜಧನ ಬರುವ ವಿಚಿತ್ರ ಸಂಬಂಧ ಹೀಗೆ ಉಂಟಾಯಿತು. ಹೊಸಪೇಟೆಯ ಕಡೆಯಿಂದ ಸ್ವಾಮಿಹಳ್ಳಿಯವರೆಗಿನ ರೈಲುದಾರಿಯು ಅದಿರನ್ನು ಬಂದರಿಗೆ ಮುಟ್ಟಿಸುವ ಕೊಂಡಿಯಾಯಿತು. ಕಂದಾಯವನ್ನು ನೆಚ್ಚಿದ್ದ ಮನೆಗೆ ಗಣಿಯ ರಾಜಧನವು ಒದಗಿದ್ದು ಸಣ್ಣ ಮಾತಲ್ಲ. ರೈತನ ಬೆಳೆ ಹೋದ ವರ್ಷವೂ ಅದಿರಿಗೆ ಬರವಿಲ್ಲ.

೧೯೨೮ರಲ್ಲಿ ದತ್ತಕನಾಗಿ ಬಂದ ಯಶವಂತರಾವ್ ಹಿಂದೂರಾವ್ ಘೋರ್ಪಡೆಯವರು ೧೯೩೦ರಲ್ಲಿ ಪೂರ್ಣಾಧಿಕಾರವನ್ನು ವಹಿಸಿಕೊಂಡರು. ಅವರ ಆಳ್ವಿಕೆಯಲ್ಲಿ, ೧೯೩೨ರಲ್ಲಿ, ಬೆಟ್ಟದ ಮೇಲಣ ಕುಮಾರಸ್ವಾಮಿಯ ಗುಡಿಯು ಹರಿಜನರಿಗೆ ತೆರೆಯಿತು. ತಿರುವಾಂಕೂರಿನ ಪ್ರಸಿದ್ಧ ಘೋಷಣೆಗಿಂತ ಇದು ನಾಲ್ಕು ವರ್ಷ ಹಿಂದಿನದು. ೧೯೩೪ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ೧೯೪೯ರ ಏಪ್ರಿಲಿನಲ್ಲಿ ಸಂಸ್ಥಾನವು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ ಸೇರಿಹೋಯಿತು. ೧೯೫೩ರಲ್ಲಿ ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಬಂದಿತು. ಮರುವರ್ಷ, ಎಂದರೆ ೧೯೫೪ರಲ್ಲಿ, ಯಶವಂತರಾವ್ ಅವರು ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿಯನ್ನು ಸ್ಥಾಪಿಸಿದರು. ಅಧಿಕಾರವನ್ನು ಬಿಟ್ಟುಕೊಟ್ಟದ್ದಕ್ಕೂ ಕಂಪನಿಯನ್ನು ಕಟ್ಟಿದ್ದಕ್ಕೂ ನಡುವೆ ಐದೇ ವರ್ಷ. ಆ ಕಂಪನಿಯು ಮುಂದೆ ಹೊಸಪೇಟೆಯ ಬಳಿಯ ವ್ಯಾಸನಕೆರೆಯಲ್ಲಿ ಲೋಹದ ಕಾರ್ಖಾನೆಯನ್ನೂ ನಡೆಸಿತು. ಅವರ ಮಗ ಎಂ. ವೈ. ಘೋರ್ಪಡೆಯವರು ಶಾಸಕರಾಗಿ, ೧೯೭೦ರ ದಶಕದಲ್ಲಿ ರಾಜ್ಯದ ಅರ್ಥಸಚಿವರಾಗಿ, ವನ್ಯಜೀವಿಗಳ ಛಾಯಾಗ್ರಾಹಕರಾಗಿ ಹೆಸರು ಪಡೆದು ೨೦೧೧ರಲ್ಲಿ ತೀರಿಕೊಂಡರು.

ಮನೆ ಹಿಂದಿನದೇ, ಮನೆಯ ಅರ್ಥ ಮಾತ್ರ ಬೇರೆಯಾಯಿತು. ಕೈಗಾರಿಕೋದ್ಯಮಿಯ ಸೌಧ ಎಂದೊಡನೆ ನಮ್ಮ ನೆನಪಿಗೆ ಬರುವುದು ಮುಂಬಯಿಯಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಕಟ್ಟಿಸಿದ ಎಸ್‌ಪ್ಲನೇಡ್ ಹೌಸಿನಂಥ ಮನೆ. ಅಲ್ಲಿ ಮೊದಲು ವ್ಯಾಪಾರ, ಆಮೇಲೆ ಗಿರಣಿ, ಆಮೇಲೆ ಸೌಧ. ಸಂಪತ್ತು ಮೊದಲು, ಮನೆ ಹಿಂದೆ. ಸಂಡೂರಿನಲ್ಲಿ ಈ ಕ್ರಮ ತಲೆಕೆಳಗು. ಇಲ್ಲಿ ಮೊದಲು ಮನೆ, ಆಮೇಲೆ ಉದ್ಯಮ. ಮನೆಯ ಪ್ರತಿಷ್ಠೆಯೇ ಉದ್ಯಮಕ್ಕೆ ಮೂಲಧನದಂತೆ ಆಯಿತು. ಕಣಿವೆಯ ಬೆಟ್ಟಗಳನ್ನೂ ಜನರನ್ನೂ ತಲೆಮಾರುಗಳಿಂದ ಬಲ್ಲವರು ಅದೇ ಬೆಟ್ಟಗಳಲ್ಲಿ ಗಣಿಯನ್ನು ನಡೆಸಿದರು. ಈ ಭೇದವನ್ನು ಗುರುತಿಸದಿದ್ದರೆ ಎರಡೂ ಕಟ್ಟಡಗಳನ್ನು ನಾವು ತಪ್ಪಾಗಿ ಓದಿದಂತಾಗುತ್ತದೆ. ಇತ್ತೀಚೆಗೆ, ಈ ಶತಮಾನದಲ್ಲಿ, ಶಿವವಿಲಾಸವು ಪ್ರವಾಸಿಗರ ವಸತಿಗೃಹವಾಗಿಯೂ ತೆರೆದುಕೊಂಡಿತು. ಅರಸನ ಉಪಚಾರ ಈಗ ಬಾಡಿಗೆಗೆ ದೊರೆಯುವ ಸೇವೆಯಾದುದು ಇದೇ ಕಥೆಯ ಮುಂದಿನ ಅಧ್ಯಾಯ.

ಆದರೆ ಇತಿಹಾಸವು ಇಷ್ಟಕ್ಕೇ ನಿಂತರೆ ಅದು ಒಂದು ಮನೆತನದ ಬಖರಾಗುತ್ತದೆಯೇ ಹೊರತು ಕಣಿವೆಯ ಇತಿಹಾಸವಾಗುವುದಿಲ್ಲ. ೧೯೭೩ರಲ್ಲಿ ಸಂಡೂರಿನ ಗೇಣಿದಾರರು ಸಮಾಜವಾದಿಗಳ ನೇತೃತ್ವದಲ್ಲಿ ಭೂಮಿಯ ಹಕ್ಕಿಗಾಗಿ ಸತ್ಯಾಗ್ರಹವನ್ನು ಹೂಡಿ ಸೆರೆಮನೆಗೆ ಹೋದರು. ಹರಿಜನರಿಗೆ ಗುಡಿಯ ಬಾಗಿಲನ್ನು ತೆರೆದ ಮನೆತನದ ಎದುರಿಗೇ ನೆಲದ ಪ್ರಶ್ನೆ ಎದ್ದು ನಿಂತಿತು. ಈ ಎರಡು ಸಂಗತಿಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಪ್ರಾಮಾಣಿಕತೆಯಲ್ಲ. ಅರಮನೆಯ ಗೋಡೆಯ ಗಾರೆಯಲ್ಲಿ ಸುಧಾರಕನ ಔದಾರ್ಯವೂ ಗೇಣಿದಾರನ ಬೆವರೂ ಒಟ್ಟಿಗೆ ಕಲಸಿಕೊಂಡಿವೆ. ವಾಸ್ತುಶಿಲ್ಪವನ್ನು ಕಮಾನು, ಕಂಬ, ಗೋಪುರಗಳ ಪಟ್ಟಿಯಾಗಿ ಮಾತ್ರ ಬೋಧಿಸುವ ನಮ್ಮ ಕಾಲೇಜುಗಳ ಪದ್ಧತಿಯಲ್ಲಿ ಈ ಮಾತಿಗೆ ಎಡೆ ದೊರೆಯುತ್ತಿಲ್ಲವೆಂಬುದು ನಮ್ಮ ಕೊರಗು. ಆ ದೋಷದಲ್ಲಿ ನಮ್ಮ ಪಾಲೂ ಇದೆ.

ದೋಣಿಮಲೈಯನ್ನು ಇಲ್ಲಿ ನೆನೆಯಬೇಕಾದುದು ಇದೇ ಕಾರಣದಿಂದ. ೧೯೫೮ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ೧೯೭೭ರಲ್ಲಿ ದೋಣಿಮಲೈಯ ಕಬ್ಬಿಣದ ಗಣಿಯನ್ನು ಆರಂಭಿಸಿತು. ಅದರೊಡನೆ ನೌಕರರ ಬಡಾವಣೆಯೂ ಬೆಳೆಯಿತು. ಅರಮನೆಯಲ್ಲಿ ಒಬ್ಬನ ಹೆಸರು ಕಟ್ಟಡಕ್ಕೆ ಅಂಟಿರುತ್ತದೆ. ನಿಗಮದ ವಸತಿಗೆ ಹೆಸರಿಲ್ಲ, ಅಂಕಿ ಮಾತ್ರ ಉಂಟು. ಅಲ್ಲಿ ವಾಸಿಸುವವನ ದರ್ಜೆ ಬದಲಾದರೆ ಮನೆ ಬದಲಾಗುತ್ತದೆ; ಕೆಲಸದಿಂದ ನಿವೃತ್ತನಾದರೆ ಮನೆಯನ್ನೇ ಬಿಡಬೇಕು. ಆದರೂ ಅದೂ ಒಡೆತನದ ಒಂದು ವಾಸ್ತುವೇ: ಇಲ್ಲಿ ಒಡೆಯನು ರಾಷ್ಟ್ರ. ಗುತ್ತಿಗೆಯ ಪ್ರೀಮಿಯಮ್ಮಿನ ವಿವಾದದಿಂದ ೨೦೧೮ರ ನವೆಂಬರಿನಲ್ಲಿ ನಿಂತ ಆ ಗಣಿಯು ೨೦೨೧ರ ಫೆಬ್ರವರಿಯಲ್ಲಿ ಮತ್ತೆ ಆರಂಭವಾಯಿತು. ಆ ಎರಡು ವರ್ಷಗಳ ಮೇಲ್ಪಟ್ಟ ಅವಧಿಯಲ್ಲಿ ಗಣಿಯನ್ನು ನೆಚ್ಚಿದ ಊರಿನ ಮನೆಗಳು ಎಷ್ಟು ಅಸ್ಥಿರವೆಂಬುದು ಎಲ್ಲರಿಗೂ ಕಾಣಿಸಿತು.

ಇನ್ನು ಕಟ್ಟಡಗಳ ಉಳಿವಿನ ಮಾತು. ಈ ಶತಮಾನದ ಮೊದಲ ದಶಕದಲ್ಲಿ ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಬಳ್ಳಾರಿಯ ಬೆಟ್ಟಗಳು ಕಂಡ ಸ್ಥಿತಿಯನ್ನು ಓದುಗರು ಬಲ್ಲರು. ೨೦೦೬ರಲ್ಲಿ ಆಂಧ್ರದ ಗಡಿಯ ಬೆಟ್ಟದ ಮೇಲಿನ ಸುಗ್ಗಲಮ್ಮನ ಗುಡಿ ಗಣಿಗಾರಿಕೆಗೆ ಬಲಿಯಾಯಿತು. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿಯ ಗುಡಿಯಿರುವ ಕುಮಾರಸ್ವಾಮಿ ಬೆಟ್ಟದ ಸುತ್ತಲೂ ಗಣಿಗಳು ಹಬ್ಬಿದವು. ೨೦೧೧ರ ಜುಲೈಯಲ್ಲಿ ಲೋಕಾಯುಕ್ತರ ವರದಿ ಹೊರಬಂದಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ೨೦೧೩ರ ಏಪ್ರಿಲಿನ ತೀರ್ಪಿನಲ್ಲಿ ತೀರ ಅಕ್ರಮವೆಂದು ಕಂಡ ಗುತ್ತಿಗೆಗಳನ್ನು ರದ್ದುಗೊಳಿಸಿತು. ಅರಮನೆಯನ್ನು ಕಾಯಲು ಒಡೆಯರಿದ್ದಾರೆ, ಗುಡಿಯನ್ನು ಕಾಯಲು ಭಕ್ತರೂ ಕಾನೂನೂ ಇವೆ. ರಾಮನದುರ್ಗದ ಸೈನಿಕರ ವಸತಿಯ ಅವಶೇಷಕ್ಕೆ, ಅದಿರು ಹೊತ್ತ ಕೂಲಿಗಳ ಬಿಡಾರದ ಜಾಗಕ್ಕೆ, ಕಬ್ಬಿಣ ಕರಗಿಸಿದ ಹಳೆಯ ಕುಲುಮೆಯ ಕಿಟ್ಟದ ದಿಬ್ಬಕ್ಕೆ ಯಾರ ಕಾವಲು? ಸಂಡೂರಿನ ಅರಮನೆಯ ಅರ್ಥವು ಅರಮನೆಯೊಳಗೆ ಪೂರ್ತಿಯಾಗಿ ಇಲ್ಲ. ಅದರ ಅರ್ಧಭಾಗ ಈ ಕಾವಲಿಲ್ಲದ ಜಾಗಗಳಲ್ಲಿದೆ. ಅವು ಅಳಿದರೆ ಉಳಿದ ಅರಮನೆಯನ್ನು ಓದುವ ಬೀಗದ ಕೈಯೇ ಕಳೆದುಹೋದಂತೆ.

ಆದುದರಿಂದ ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಾಲೇಜುಗಳು ವರ್ಷಕ್ಕೊಂದು ಊರನ್ನು ಆರಿಸಿಕೊಂಡು ಅಲ್ಲಿಯ ಮನೆಗಳ ನಕ್ಷೆಯನ್ನು ಅಳೆದು ಬರೆಯಬಹುದು. ದೊಡ್ಡ ಮನೆ, ಗುಡಿ, ಕಚೇರಿ ಇವುಗಳಷ್ಟೇ ಶ್ರದ್ಧೆಯಿಂದ ಗುಡಿಸಲನ್ನೂ ಕೆಲಸಗಾರರ ವಸತಿಸಾಲನ್ನೂ ಅಳೆಯಬೇಕು. ಗಣಿಯಲ್ಲಿ ದುಡಿದ ಹಿರಿಯರ ಮಾತನ್ನು ಅವರಿರುವಾಗಲೇ ಬರೆದುಕೊಳ್ಳಬೇಕು. ಇದಕ್ಕೆ ಹೆಚ್ಚಿನ ಹಣ ಬೇಡ. ಅಳತೆಯ ಪಟ್ಟಿ, ಕಾಗದ, ತಾಳ್ಮೆ ಇಷ್ಟಿದ್ದರೆ ಸಾಕು.

ಮೊದಲಲ್ಲಿ ಹೇಳಿದ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಹೀಗೆ ಉತ್ತರಿಸಬಹುದೆಂದು ತೋರುತ್ತದೆ. ಶಿವವಿಲಾಸವು ಅರಸರ ಮನೆಯೂ ಹೌದು, ಗಣಿ ಒಡೆಯರ ಮನೆಯೂ ಹೌದು. ೧೯೪೯ಕ್ಕೂ ೧೯೫೪ಕ್ಕೂ ನಡುವಣ ಹೊಸ್ತಿಲಿನ ಮೇಲೆ ನಿಂತ ಮನೆ ಅದು. ಆದರೆ ಬರೆದುಕೊಳ್ಳುವಾಗ ಇಬ್ಬರ ಹೆಸರನ್ನು ಬರೆದರೆ ಸಾಲದು. ಕಂದಾಯ ಕೊಟ್ಟವನ, ಗೇಣಿ ಅಳೆದವನ, ಅದಿರು ಹೊತ್ತವಳ ಹೆಸರಿಗೂ ಒಂದು ಸಾಲನ್ನು ಬಿಟ್ಟಿರಬೇಕು. ಆ ಸಾಲನ್ನು ತುಂಬುವ ಕೆಲಸ ಮುಂದಿನ ವಿದ್ಯಾರ್ಥಿಗಳದು.